ಅಂಚೆಯಲ್ಲಿ ಬಂದ ಕುದುರೆ

ಮುಂಬೈಯಿಂದ ಮಾವ ಬರೆದ ಮೊದಲ ಕಾರ್ಡಿನಲ್ಲಿ ನಾಲ್ಕೇ ಅಂಕಿ: 5254. ಕೆಳಗೆ ‘ಇಲ್ಲಿ ಎಲ್ಲರೂ ಕ್ಷೇಮ’. ಅಮ್ಮನಿಗೆ ಆ ಕೆಳಗಿನ ಸಾಲು ಸಾಕಿತ್ತು. ಪೋಸ್ಟ್‌ಮ್ಯಾನ್ ಮಾತ್ರ ಹೋಗದೆ ನಿಂತರು. “ಮಟ್ಕಾ ನಂಬರಾ?” ಅಂದರು, ಮೆಲ್ಲಗೆ.

ಅಲ್ಲ, ಚೆಸ್. ಬಿಳಿ ಕಾಯಿಯವನ ಎಡದಿಂದ ಬಲಕ್ಕೆ 1ರಿಂದ 8, ಅವನ ಕಡೆಯಿಂದ ಎದುರಿಗೂ 1ರಿಂದ 8. ಈ ಎರಡು ಅಂಕಿ ಸೇರಿದರೆ ಒಂದು ಮನೆ. ರಾಜನ ಮುಂದಿನ ಕಾಲಾಳು 52ರ ಮನೆಯಿಂದ 54ಕ್ಕೆ ಬಂದಿದೆ, ಅಷ್ಟೇ. ಕುದುರೆಗೆ ಒಂದೊಂದು ಭಾಷೆಯಲ್ಲಿ ಒಂದೊಂದು ಹೆಸರು. ಅಂಕಿಗೆ ಆ ತಕರಾರಿಲ್ಲ. ಅದಕ್ಕೇ ದೇಶ ದಾಟುವ ಅಂಚೆ ಆಟಗಳಿಗೆ ಈ ಲೆಕ್ಕ. ಪೋಸ್ಟ್‌ಮ್ಯಾನ್ ಅನುಮಾನಪಟ್ಟದ್ದೂ ತಪ್ಪಲ್ಲ ಬಿಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೆನ್ಸಾರ್‌ನವರು ಹೊರದೇಶದವರ ಜೊತೆ ಅಂಚೆ ಚೆಸ್ಸನ್ನೇ ನಿಲ್ಲಿಸಿದ್ದರು. ಕುದುರೆಯ ಬೆನ್ನಮೇಲೆ ಗುಟ್ಟು ದಾಟಿದರೆ?

ಎದುರೆದುರು ಕೂತರೆ ಮೊದಲ ಐದು ನಡೆಗೆ ಅರ್ಧ ನಿಮಿಷವೇ ಜಾಸ್ತಿ. ನಮಗೆ ಹತ್ತಿರ ಹತ್ತಿರ ಒಂದು ತಿಂಗಳು ಹಿಡಿಯಿತು. ನಾನು 5755, ಅವರು 7163, ನಾನು 2836. ಆಮೇಲೆ ಬಂತು 4244. ಇನ್ನೊಂದು ಕಾಲಾಳನ್ನು ಸುಮ್ನೆ ನನ್ನ ಬಾಯಿಗೇ ತಂದಿಟ್ಟಿದ್ದರು! ಇದಕ್ಕೆ ಸ್ಕಾಚ್ ಗೇಮ್ ಅಂತ ಹೆಸರು. 1824ರಲ್ಲಿ ಎಡಿನ್‌ಬರೋ ಮತ್ತು ಲಂಡನ್ ಕ್ಲಬ್ಬುಗಳು ಕಾಗದದಲ್ಲೇ ಆಟ ಶುರು ಮಾಡಿದವು, ಮುಗಿಸಿದ್ದು 1828ರಲ್ಲಿ. ಗೆದ್ದದ್ದು ಎಡಿನ್‌ಬರೋ. ಈ ಆರಂಭಕ್ಕೆ ಸ್ಕಾಟ್ಲೆಂಡಿನ ಹೆಸರು ಬಂದದ್ದು ಆ ಪಂದ್ಯದಿಂದಲೇ. ಆಗ ಅಂಚೆ ಹೋಗುತ್ತಿದ್ದದ್ದು ಕುದುರೆಗಾಡಿಯಲ್ಲಿ. ಹಲಗೆಯ ಮೇಲಿನ ಕುದುರೆ ಮೂರು ಮನೆ ಹಾರಬೇಕಾದರೆ ನಿಜವಾದ ಕುದುರೆಗಳು ನೂರಾರು ಮೈಲಿ ಓಡಬೇಕಿತ್ತು.

ಕಾಯುವ ಆ ದಿನಗಳೇ ನನಗೆ ರುಚಿ. ಒಂದೇ ನಡೆಯನ್ನು ಸ್ನಾನ ಮಾಡುತ್ತಾ, ಊಟ ಮಾಡುತ್ತಾ, ಬಸ್ಸಿನಲ್ಲಿ ನೇತಾಡುತ್ತಾ ಆಡಬಹುದು. ಕಾರ್ಡು ಡಬ್ಬಿಗೆ ಬಿದ್ದ ಮರುಕ್ಷಣ ಅದಕ್ಕಿಂತ ಒಳ್ಳೆಯ ನಡೆ ಹೊಳೆಯುತ್ತದೆ, ಅದು ಬೇರೆ ಮಾತು. ಕೆಂಪು ಡಬ್ಬಿಯ ಬಾಯಿಗೆ ಕೈ ಹಾಕಿಯೂ ನೋಡಿದ್ದೇನೆ. ಬೆರಳು ಮುಟ್ಟಲಿಲ್ಲ.

ಹಲಗೆ ಮಾತ್ರ ತಿಂಗಳುಗಟ್ಟಲೆ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇರಬೇಕು. ಹಬ್ಬದ ವಾರ ನಾನು ಬಹಳ ಯೋಚಿಸಿ, ಮಾವನ ಆನೆಗೆ ಕುದುರೆಯಿಂದ ಹೊಂಚು ಹಾಕಿ, ಕಾರ್ಡು ಕಳಿಸಿದೆ. ಹತ್ತು ದಿನದ ಮೇಲೆ ಉತ್ತರ ಬಂತು. ಅದರಲ್ಲಿ ಅಂಕಿಯೇ ಇರಲಿಲ್ಲ.

“ಆ ಮನೆಯಲ್ಲಿ ನಿನ್ನ ಕುದುರೆಯೇ ಇಲ್ಲವಲ್ಲೋ. ಅಕ್ಕ ಧೂಳು ಹೊಡೆದಳಾ?”