ತೆರೆ ಹರಿದ ಮೇಲೂ ದೇವಾಲಯ ಬೇಕೆ?

ಅಮೆರಿಕದ ಯೂಟಾಕ್ಕೆ ಬಂದು ನೆಲೆಸುವ ಕನ್ನಡಿಗರಲ್ಲಿ ಬಹಳ ಮಂದಿ ಮಾರ್ಮನ್ನರ (ಜೋಸೆಫ್ ಸ್ಮಿತ್ ಸ್ಥಾಪಿಸಿದ ಸಭೆಯವರ) ಟೆಂಪಲ್ ಅಂದರೆ ಅವರ ದೊಡ್ಡ ಚರ್ಚು ಎಂದುಕೊಳ್ಳುತ್ತಾರೆ. ಅದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಕನ್ನಡ ಬೈಬಲಿನಲ್ಲಿ ಯೆರೂಸಲೇಮಿನದೂ ದೇವಾಲಯವೇ, ನಮ್ಮೂರ ಕ್ರೈಸ್ತರ ಬಾಯಲ್ಲಿ ಚರ್ಚೂ ದೇವಾಲಯವೇ. ಮಾರ್ಮನ್ನರಲ್ಲಿ ಇವೆರಡೂ ಬೇರೆ ಬೇರೆ. ಭಾನುವಾರ ಟೆಂಪಲಿನ ಬಾಗಿಲು ಹಾಕಿರುತ್ತದೆ. ಆ ದಿನದ ಆರಾಧನೆ ನಡೆಯುವುದು ಬಡಾವಣೆಯ ಸಭಾಮಂದಿರದಲ್ಲಿ. ಅಲ್ಲಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ರೊಟ್ಟಿಯ ಜೊತೆ ದ್ರಾಕ್ಷಾರಸದ ಬದಲು ನೀರು ಹಂಚುವ ಸಂಸ್ಕಾರ ಅಲ್ಲೇ ಆಗುತ್ತದೆ. ಎಂಟು ತುಂಬಿದ ಮಗುವಿನ ದೀಕ್ಷಾಸ್ನಾನಕ್ಕೂ ಟೆಂಪಲಿಗೆ ಹೋಗುವುದಿಲ್ಲ.

ಟೆಂಪಲಿನೊಳಗೆ ಕಾಲಿಡಲು ‘ರೆಕಮೆಂಡ್’ ಎಂಬ ಚೀಟಿ ಬೇಕು. ಮೊದಲು ಸ್ಥಳೀಯ ಬಿಷಪ್ ಅಥವಾ ಅವರ ಸಲಹೆಗಾರ, ಆಮೇಲೆ ಹಲವು ಸ್ಥಳೀಯ ಸಭೆಗಳು ಸೇರಿದ ‘ಸ್ಟೇಕ್’ ಎಂಬ ಮೇಲಿನ ಘಟಕದ ಮುಖಂಡರೊಬ್ಬರು ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ನಂಬಿಕೆ ಇದೆಯೇ? ದಾಂಪತ್ಯದಲ್ಲಿ ನಿಷ್ಠೆ ಇದೆಯೇ? ಆದಾಯದ ಹತ್ತನೇ ಒಂದು ಪಾಲು ಸಭೆಗೆ ಸಲ್ಲುತ್ತಿದೆಯೇ? ಮದ್ಯ, ತಂಬಾಕು, ಕಾಫಿ, ಚಹಾ ಬಿಟ್ಟಿದ್ದೀರಾ? ಚೀಟಿಯ ಅವಧಿ ಎರಡು ವರ್ಷ. ಗಡುವು ಮುಗಿದರೆ ಮತ್ತೆ ಎರಡೂ ಸಂದರ್ಶನ ಆಗಬೇಕು.

ಒಳಗೆ ಮುಖ್ಯವಾದದ್ದು ಎಂಡೋಮೆಂಟ್. ಬಿಳಿ ಬಟ್ಟೆ ತೊಟ್ಟವರಿಗೆ ಸೃಷ್ಟಿ, ಆದಾಮ-ಹವ್ವರ ಪತನ, ಮತ್ತೆ ದೇವರ ಬಳಿಗೆ ಮರಳುವ ದಾರಿ ಇವುಗಳನ್ನು ತಿಳಿಸಿ, ವಿಧೇಯತೆಯಿಂದ ಹಿಡಿದು ಸರ್ವಸ್ವ ಅರ್ಪಣೆಯವರೆಗೆ ಐದು ಒಡಂಬಡಿಕೆ ಮಾಡಿಸುತ್ತಾರೆ. ಒಬ್ಬರು ತಮಗಾಗಿ ಇದನ್ನು ಒಮ್ಮೆ ಮಾತ್ರ ಮಾಡುತ್ತಾರೆ. ಮುಂದೆ ಎಷ್ಟು ಸಲ ಹೋದರೂ ಸತ್ತವರೊಬ್ಬರ ಪರವಾಗಿಯೇ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಸತ್ತವರಿಗಾಗಿ ದೀಕ್ಷಾಸ್ನಾನವೂ ಇದೆ. ಬೈಬಲಿನ ಸೊಲೊಮೋನನ ದೇವಾಲಯದಲ್ಲಿದ್ದ ‘ಕಡಲು’ ಎಂಬ ದೊಡ್ಡ ತೊಟ್ಟಿಯಂತೆ ಹನ್ನೆರಡು ಎತ್ತುಗಳ ಮೇಲೆ ಕೂರಿಸಿದ ಕೊಳದಲ್ಲಿ ಸತ್ತವರ ಒಬ್ಬೊಬ್ಬರ ಹೆಸರು ಹೇಳಿ, ಪ್ರತಿ ಹೆಸರಿಗೂ ಅವರ ಪರವಾಗಿ ನಿಂತವರನ್ನು ಪೂರ್ತಿ ಮುಳುಗಿಸುತ್ತಾರೆ. ಅದನ್ನು ಒಪ್ಪುವುದೂ ಬಿಡುವುದೂ ಆ ಆತ್ಮಕ್ಕೆ ಸೇರಿದ್ದು ಎಂಬುದು ಅವರ ಬೋಧನೆ.

ಪಿತೃಪಕ್ಷ ಮಾಡುವ ಮನೆಯವರಿಗೆ ಇದು ತೀರಾ ಅಪರಿಚಿತ ಅಲ್ಲ. ತೀರಿಕೊಂಡವರ ಹೆಸರು ಹಿಡಿದು, ಬದುಕಿರುವವರ ಕೈಯಿಂದ ನಡೆಸುವ ಕರ್ಮ ತಾನೇ ಇದೂ? ಆದರೆ ಶ್ರಾದ್ಧ ವರ್ಷ ವರ್ಷವೂ ಬರುತ್ತದೆ, ಇಲ್ಲಿ ಒಬ್ಬರಿಗೆ ಒಂದೇ ಸಲ. ಆದ್ದರಿಂದಲೇ ದಾಖಲೆ ತಪ್ಪಿದರೆ ಕೆಲಸ ಕೆಡುತ್ತದೆ. ಒಂದೇ ಹೆಸರನ್ನು ಎರಡು ಕಾಗುಣಿತದಲ್ಲಿ ಸೇರಿಸಿದರೆ ಅದೇ ವ್ಯಕ್ತಿಗೆ ಮತ್ತೆ ಸ್ನಾನ ಆಗಿಬಿಡುತ್ತದೆ. ಕಳೆದ 110 ವರ್ಷದೊಳಗೆ ಹುಟ್ಟಿದವರಾದರೆ ಹತ್ತಿರದ ಬಂಧುವಿನ ಒಪ್ಪಿಗೆ ಬೇಕು. ನಾಜಿಗಳ ಹತ್ಯಾಕಾಂಡದಲ್ಲಿ ಮಡಿದ ಯೆಹೂದಿಗಳ ಹೆಸರುಗಳೂ ಪಟ್ಟಿಗೆ ಸೇರಿದ್ದು ದೊಡ್ಡ ನೋವಿಗೆ ಕಾರಣವಾಗಿ, 1995ರಲ್ಲಿ ಅವನ್ನು ತೆಗೆಯುವ ಒಪ್ಪಂದವಾಯಿತು. ಆ ಸಿಟ್ಟು ನ್ಯಾಯವಾದದ್ದೇ. ಸತ್ತವರು ಬೇಡ ಎನ್ನಬಹುದು ಎಂಬ ಮಾತು ಬದುಕಿರುವ ಮಕ್ಕಳಿಗೆ ಸಮಾಧಾನ ಕೊಡುವುದಿಲ್ಲ.

ಟೆಂಪಲಿನ ಕುರಿತು ಉಳಿದ ಕ್ರೈಸ್ತರ ಆಕ್ಷೇಪ ಒಳಗಿನ ಗುಟ್ಟಿನ ಬಗ್ಗೆ ಎಂದು ಹಲವರು ತಿಳಿದಿದ್ದಾರೆ. ಗುಟ್ಟಿನ ವಾದ ದುರ್ಬಲ. ಗರ್ಭಗುಡಿಯ ಹೊಸ್ತಿಲು ಕಂಡ ನಮಗಂತೂ ಅದು ವಾದವೇ ಅಲ್ಲ. ನಿಜವಾದ ಜಗಳ ಯೆರೂಸಲೇಮಿನ ದೇವಾಲಯದಲ್ಲಿ ಮಹಾಪರಿಶುದ್ಧ ಸ್ಥಳವನ್ನು ಮರೆಮಾಡಿದ್ದ ತೆರೆಯ, ಅಂದರೆ ಪರದೆಯ, ಬಗ್ಗೆ. ಯೇಸು ಪ್ರಾಣ ಬಿಟ್ಟಾಗ ಆ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎನ್ನುತ್ತದೆ ಮತ್ತಾಯನ ಸುವಾರ್ತೆ. ಬಲಿ ಒಂದೇ ಸಾರಿಗೆ ಮುಗಿಯಿತು, ಮಹಾಪರಿಶುದ್ಧ ಸ್ಥಳಕ್ಕೆ ದಾರಿ ಎಲ್ಲರಿಗೂ ತೆರೆಯಿತು ಎನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರಿಕೆ. ಕ್ರಿ.ಶ. 70ರಲ್ಲಿ ರೋಮನ್ನರು ಆ ದೇವಾಲಯವನ್ನೇ ಕೆಡವಿದರು. ಅಪೊಸ್ತಲ ಪೌಲನ ಮಾತಿನಲ್ಲಿ ಈಗ ವಿಶ್ವಾಸಿಗಳೇ ದೇವರ ಆಲಯ. ಕ್ಯಾಥೊಲಿಕರು ಬಲಿಪೀಠವನ್ನು ಪ್ರತಿಷ್ಠಾಪಿಸುತ್ತಾರೆ, ಮಂಗಳೂರು ಕಡೆಯ ಬಾಸೆಲ್ ಮಿಷನ್ ಪರಂಪರೆಯ ಪ್ರಾಟೆಸ್ಟೆಂಟರಿಗೆ ವಾಕ್ಯ ಸಾರುವ ಪೀಠ ಮುಖ್ಯ. ಆದರೂ ಆರಾಧನೆಗೆ ಬಂದವರನ್ನು ಚೀಟಿ ಕೇಳಿ ಬಾಗಿಲಲ್ಲಿ ನಿಲ್ಲಿಸುವುದು ಎರಡೂ ಕಡೆ ಇಲ್ಲ.

ಮಾರ್ಮನ್ನರು ತಾವೂ ಕ್ರೈಸ್ತರೇ ಎನ್ನುತ್ತಾರೆ. ರಕ್ಷಣೆಯ ಕೆಲವು ವಿಧಿಗಳಿಗೆ ಅಧಿಕಾರ ಪಡೆದ ಪೌರೋಹಿತ್ಯವೂ ದೇವರ ಮನೆಯೂ ಇಂದಿಗೂ ಬೇಕು, ಆ ಅಧಿಕಾರ ಕಳೆದುಹೋಗಿ ಜೋಸೆಫ್ ಸ್ಮಿತ್ ಮೂಲಕ ಮರಳಿತು ಎಂಬುದು ಅವರ ನಿಲುವು. ಸತ್ತವರಿಗಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರ ಮಾತು ಬರುವ 1 ಕೊರಿಂಥ 15:29 ಅನ್ನು ಆಧಾರವಾಗಿ ತೋರಿಸುತ್ತಾರೆ. ಆ ವಚನದಲ್ಲಿ ಪೌಲ ‘ನಾವು’ ಎನ್ನದೆ ‘ಅವರು’ ಎಂದು ದೂರದಿಂದ ಮಾತಾಡುತ್ತಾನೆ. ಒಂದು ಇಡೀ ವ್ಯವಸ್ಥೆಯ ಭಾರವನ್ನು ಆ ಒಂದು ವಾಕ್ಯ ಹೊರಲಾರದು ಎಂಬುದೇ ನನ್ನ ಅಭಿಪ್ರಾಯ. ಸ್ಮಿತ್‌ನ ಇನ್ನೊಂದು ಪರಂಪರೆಯಾದ ಕಮ್ಯುನಿಟಿ ಆಫ್ ಕ್ರೈಸ್ಟ್‌ನಲ್ಲೂ ಈ ವಿಧಿಗಳಿಲ್ಲ. ಅಮೆರಿಕದ ಇಂಡಿಪೆಂಡೆನ್ಸ್ ಊರಿನ ಅವರ ಟೆಂಪಲ್ ಎಲ್ಲರಿಗೂ ತೆರೆದಿದೆ.

ವ್ಯತ್ಯಾಸ ಹೆಚ್ಚು ನೋಯಿಸುವುದು ಮದುವೆಯಲ್ಲಿ. ದಂಪತಿಯನ್ನು ನಿತ್ಯಕ್ಕೂ ಬೆಸೆಯುವ ಸೀಲಿಂಗ್ ನೋಡಲು ರೆಕಮೆಂಡ್ ಇಲ್ಲದ ತಂದೆತಾಯಿಗೂ ಪ್ರವೇಶವಿಲ್ಲ. ಮೊದಲು ಹೊರಗೆ ಮದುವೆಯಾದರೆ ಅಮೆರಿಕದಲ್ಲಿ ಸೀಲಿಂಗಿಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು; ಎಲ್ಲರೆದುರು ಮದುವೆ ಮಾಡಿಕೊಂಡು ನಂತರ ಟೆಂಪಲಿಗೆ ಹೋಗಬಹುದು. ಆಮಂತ್ರಣ ಬಂದರೆ ಕಾನೂನು ಮದುವೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಕೊಳ್ಳಿ.

ಬೆಂಗಳೂರಿಗೂ ಈ ವಿಷಯ ಹತ್ತಿರವೇ. ಭಾರತದ ಮೊದಲ ಟೆಂಪಲ್ ಅಲ್ಲಿ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಪೂಜೆಗೆ ಸಮನಾದ ವಿಧಿ ನಡೆಸಿದರು. ಯಾವುದೇ ಹೊಸ ಟೆಂಪಲನ್ನು ಪ್ರತಿಷ್ಠೆಗೆ ಮುಂಚೆ ಕೆಲವು ದಿನ ಎಲ್ಲರಿಗೂ ತೆರೆಯುವ ರೂಢಿ ಇದೆ. ಆಗ ಎತ್ತುಗಳ ಕೊಳವನ್ನೂ ಸೀಲಿಂಗ್ ಕೋಣೆಯನ್ನೂ ಕಣ್ಣಾರೆ ನೋಡಬಹುದು. ಪ್ರತಿಷ್ಠೆಯಾದ ಮೇಲೆ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ.