ಮಾಯಾವಿಗಳೂ ಒಂದು ಕರಿಯ ಲ್ಯಾಪ್‌ಟಾಪೂ

ಸಿನಿಮಾದ ಮಾತು ಬಂದ ಕೂಡಲೇ ನನ್ನ ಮೈಸೂರಿನ ಗೆಳೆಯರು ಜಪಾನಿನ, ಇರಾನಿನ ನಿರ್ದೇಶಕರ ಹೆಸರುಗಳನ್ನು ಗೌರವದಿಂದ ಉಚ್ಚರಿಸುತ್ತಾರೆ. ಕಂಪ್ಯೂಟರಿನ ಮಾತು ಬಂದರೆ ಈ ವರ್ಷವಷ್ಟೇ ಬಿಡುಗಡೆಯಾದ, ಕೈಯಲ್ಲಿ ಹಿಡಿದರೆ ಭಾರವೇ ತಿಳಿಯದ ಯಂತ್ರಗಳ ಗುಣಗಾನ ಮಾಡುತ್ತಾರೆ. ಎರಡು ವಿಷಯಗಳಲ್ಲೂ ನಾನು ಆ ಸಭೆಗೆ ಒಗ್ಗದವನು. ರಾಕ್ಷಸನು ಅಟ್ಟಹಾಸ ಮಾಡಿ ಹೊಗೆಯಲ್ಲಿ ಮಾಯವಾಗುವ, ಋಷಿಯ ಶಾಪದಿಂದ ರಾಜಕುಮಾರನು ಗಿಳಿಯಾಗುವ, ಎದುರುಬದುರು ಬಂದ ಎರಡು ಬಾಣಗಳು ಆಕಾಶದಲ್ಲಿ ಗುದ್ದಾಡಿ ಕಿಡಿ ಕಾರುವ ಹಳೆಯ ಪೌರಾಣಿಕ ಮತ್ತು ಜಾನಪದ ಚಿತ್ರಗಳೆಂದರೆ ನನಗೆ ಊಟ ನಿದ್ರೆ ಬೇಡ. ಅವುಗಳನ್ನು ನೋಡಲು ನಾನು ಬಳಸುವುದು 2011ರಲ್ಲಿ ಮಾರುಕಟ್ಟೆಗೆ ಬಂದ, ಹನ್ನೆರಡೂವರೆ ಅಂಗುಲದ ಪರದೆಯ ಥಿಂಕ್‌ಪ್ಯಾಡ್ ಎಕ್ಸ್220 ಎಂಬ ಕರಿಯ ಲ್ಯಾಪ್‌ಟಾಪನ್ನು. ಈ ಎರಡು ಒಲವುಗಳಿಗೆ ಏನು ಸಂಬಂಧವೆಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇವೆರಡೂ ತಮ್ಮನ್ನು ಮಾಡಿದವರ ಕೈಕೆಲಸವನ್ನು ಪೂರ್ತಿಯಾಗಿ ಮುಚ್ಚಿಡುವುದಿಲ್ಲ.

ರಾಕ್ಷಸರ ವಿಷಯದಲ್ಲಿ ನಮ್ಮ ಊರಿಗೆ ಮೊದಲಿನಿಂದಲೂ ಸಂಕೋಚವಿಲ್ಲ. ಚಾಮುಂಡಿ ಬೆಟ್ಟಕ್ಕೆ ಹೋದವರು ದೇವಿಯ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುವ ಮೊದಲು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತಿರುವ ಮಹಿಷಾಸುರನ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಮಹಿಷನ ಪಾತ್ರವನ್ನು ರಾಜ್‌ಕುಮಾರ್ ವಹಿಸಿದ ‘ಮಹಿಷಾಸುರ ಮರ್ದಿನಿ’ 1959ರಲ್ಲಿ ಬಂದಿತು. ಆದರೆ ಇದಕ್ಕೂ ಹತ್ತು ವರ್ಷ ಮೊದಲೇ ಮಾಯಾಜಾಲದ ಸಿನಿಮಾಕ್ಕೆ ಮೈಸೂರಿನಲ್ಲಿ ಒಂದು ನೆಲೆ ಸಿಕ್ಕಿತ್ತು. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠ್ಠಲಾಚಾರ್ಯ ಸೇರಿ ನಡೆಸುತ್ತಿದ್ದ ಮಹಾತ್ಮ ಪಿಕ್ಚರ್ಸ್ ಈ ಊರಿನ ಸಂಸ್ಥೆ. 1949ರ ‘ನಾಗಕನ್ನಿಕಾ’, 1951ರ ‘ಜಗನ್ಮೋಹಿನಿ’ ಅವರವೇ. ಉದ್ಯಾವರದಲ್ಲಿ ಹುಟ್ಟಿ, ಮೈಸೂರಿನಲ್ಲಿ ಪಳಗಿದ ವಿಠ್ಠಲಾಚಾರ್ಯರು ಮುಂದೆ ಮದರಾಸಿಗೆ ಹೋಗಿ ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎನಿಸಿಕೊಂಡರು. ಅವರ ಬಗ್ಗೆ ಚಿತ್ರರಂಗದಲ್ಲಿ ಒಂದು ಕಥೆ ಇಂದಿಗೂ ಚಾಲ್ತಿಯಲ್ಲಿದೆ: ಸಂಭಾವನೆಗೋ ಕಾಲ್‌ಶೀಟಿಗೋ ಸತಾಯಿಸುವ ನಟನ ಪಾತ್ರವನ್ನು ಅವರು ಶಾಪದ ನೆವದಲ್ಲಿ ಗಿಳಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿ, ಉಳಿದ ಚಿತ್ರವನ್ನು ಆ ಪ್ರಾಣಿಯ ಜೊತೆಯಲ್ಲೇ ಮುಗಿಸುತ್ತಿದ್ದರಂತೆ. ಇದು ಎಷ್ಟರ ಮಟ್ಟಿಗೆ ನಿಜವೋ, ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮಾಯಾಜಾಲದ ಚಿತ್ರವಲ್ಲದೆ ಬೇರೆ ಯಾವ ಬಗೆಯ ಚಿತ್ರದ ನಿರ್ಮಾಪಕನಿಗೆ ಇಂಥ ಅಸ್ತ್ರವಿದೆ?

ರಾಕ್ಷಸನು ಮಾಯವಾಗುವ ವಿಧಾನವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ನನ್ನ ಹುಚ್ಚಿನ ಬೇರು ಅಲ್ಲಿದೆ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸುತ್ತಾರೆ. ರಾಕ್ಷಸನು ಕೈಯೆತ್ತಿ ನಗುತ್ತಾನೆ, ನಿರ್ದೇಶಕರು ಕೂಗುತ್ತಾರೆ, ಕ್ಯಾಮೆರಾ ನಿಲ್ಲುತ್ತದೆ. ಆಗ ಸುತ್ತಲಿನ ರಾಜ, ರಾಣಿ, ಮಂತ್ರಿ, ಚಾಮರ ಹಿಡಿದ ಸಖಿಯರು ಇದ್ದ ಭಂಗಿಯಲ್ಲೇ ಉಸಿರು ಬಿಗಿಹಿಡಿದು ನಿಂತಿರಬೇಕು. ರಾಕ್ಷಸನ ವೇಷದವನು ಕಿರೀಟ ಸಂಭಾಳಿಸಿಕೊಂಡು ಪಕ್ಕಕ್ಕೆ ಹೋಗುತ್ತಾನೆ, ಕ್ಯಾಮೆರಾ ಮತ್ತೆ ಓಡುತ್ತದೆ, ಎಲ್ಲರೂ ಒಟ್ಟಿಗೆ ಬೆಚ್ಚಿಬೀಳುತ್ತಾರೆ. ಎರಡು ತುಂಡುಗಳನ್ನು ಸಂಕಲನಕಾರರು ಜೋಡಿಸುತ್ತಾರೆ. ಜೋಡಣೆ ಎದ್ದು ಕಾಣದಿರಲೆಂದು ಅಲ್ಲೊಂದಿಷ್ಟು ಹೊಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಜಾದೂಗಾರ ಜಾರ್ಜ್ ಮೆಲಿಯೆ ಸಿನಿಮಾದಲ್ಲಿ ಬಳಸಿದ ಉಪಾಯವೂ ಇದೇ. ನಮ್ಮವರು ಅದನ್ನು ಕಲಿಯುವುದಕ್ಕೆ ಕಷ್ಟಪಡಲಿಲ್ಲ, ಏಕೆಂದರೆ ಪರದೆ, ದೀಪ, ಬಣ್ಣದ ಪುಡಿಗಳ ನೆರವಿನಿಂದ ಕಣ್ಣೆದುರೇ ಅರಮನೆಯನ್ನು ಅಡವಿಯಾಗಿಸುವ ಟ್ರಾನ್ಸ್‌ಫರ್ ಸೀನುಗಳು ನಮ್ಮ ಕಂಪನಿ ನಾಟಕಗಳಲ್ಲಿ ಮೊದಲೇ ಇದ್ದವು, ಮತ್ತು ನಮ್ಮ ಆರಂಭದ ನಟರಲ್ಲಿ ಬಹುಪಾಲು ಮಂದಿ ಅಲ್ಲಿಂದಲೇ ಬಂದವರು.

ಚಿತ್ರಮಂದಿರದಲ್ಲಿ ಇದೆಲ್ಲ ಕ್ಷಣಾರ್ಧದಲ್ಲಿ ಕಳೆದುಹೋಗುತ್ತದೆ. ಈಗಂತೂ ಇಂಥ ಚಿತ್ರಗಳು ಮರುಬಿಡುಗಡೆಯಾಗಿ ಬೆಳಗಿನ ಆಟಕ್ಕಾದರೂ ಬರುತ್ತಿದ್ದ ಕಾಲ ಹೋಗಿದೆ; ಮೈಸೂರಿನ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕಿ, 2020ರಲ್ಲಿ ಶಾಂತಲಾ ಕೂಡ ಆ ಪಟ್ಟಿಗೆ ಸೇರಿತು. ಉಳಿದಿರುವುದು ಲ್ಯಾಪ್‌ಟಾಪಿನ ಪರದೆ, ಮತ್ತು ಅದು ಕೊಡುವ, ಯಾವ ಟಾಕೀಸೂ ಕೊಡಲಾಗದ ಒಂದು ಸೌಲಭ್ಯ. ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ‘ಇ’ ಅಕ್ಷರದ ಕೀಲಿಯನ್ನು ಒತ್ತಿದರೆ ಚಿತ್ರವು ಒಂದೇ ಒಂದು ಫ್ರೇಮು ಮುಂದಕ್ಕೆ ಸರಿದು ನಿಲ್ಲುತ್ತದೆ. ಸೆಕೆಂಡಿಗೆ 24 ಫ್ರೇಮುಗಳಂತೆ ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಫ್ರೇಮುಗಳಿರುತ್ತವೆ. ಅವುಗಳಲ್ಲಿ ನನಗೆ ಬೇಕಾದವು ರಾಕ್ಷಸನಿರುವ ಕೊನೆಯದು ಮತ್ತು ಅವನಿಲ್ಲದ ಮೊದಲನೆಯದು, ಇವೆರಡೇ. ಇವುಗಳ ನಡುವಿನ ಗೆರೆಯ ಮೇಲೆ ನಿಂತು ನೋಡಿದರೆ ಕಾಣುವ ಲೋಕವೇ ಬೇರೆ. ರಾಣಿಯ ಬೆರಳು ಗದ್ದದಿಂದ ಕೆಳಗಿಳಿದಿರುತ್ತದೆ. ಮಂತ್ರಿಯ ಉತ್ತರೀಯ ಗಾಳಿಗೆ ಮಗ್ಗುಲು ಬದಲಿಸಿರುತ್ತದೆ. ಹೊರಾಂಗಣವಾದರೆ ಮರದ ನೆರಳು ತುಸು ಸರಿದಿದ್ದು, ವೇಷಧಾರಿಗಳು ಬಿಸಿಲಿನಲ್ಲಿ ಎಷ್ಟು ಹೊತ್ತು ಕಾದರೆಂಬುದನ್ನು ಸೂರ್ಯನೇ ಬರೆದಿಟ್ಟಿರುತ್ತಾನೆ. ಹಿಂದಿನ ಸಾಲಿನ ಭಟನೊಬ್ಬ ಮಾತ್ರ ಕಣ್ಣನ್ನೂ ಮಿಟುಕಿಸದೆ, ಭರ್ಜಿಯನ್ನು ಕೂದಲೆಳೆಯಷ್ಟೂ ಅಲುಗಿಸದೆ ನಿಂತಿರುತ್ತಾನೆ. ಶೀರ್ಷಿಕೆಗಳಲ್ಲಿ ಹೆಸರು ಕೂಡ ಬರದ ಅವನ ಶ್ರದ್ಧೆಯನ್ನು ಮೆಚ್ಚಿ ನಾನು ಕಾಫಿಯ ಲೋಟವನ್ನು ಕೆಳಗಿಟ್ಟಿದ್ದುಂಟು.

ದ್ವಿಪಾತ್ರದ ದೃಶ್ಯಗಳು ಇದಕ್ಕಿಂತ ಕಠಿಣ ಪರೀಕ್ಷೆಗಳು. ಮಸೂರದ ಮುಂದೆ ಅರ್ಧ ಮರೆಮಾಡಿ ಒಂದು ಪಾತ್ರವನ್ನು ಚಿತ್ರೀಕರಿಸಿ, ಫಿಲ್ಮನ್ನು ಲೆಕ್ಕವಿಟ್ಟು ಹಿಂದಕ್ಕೆ ಸುತ್ತಿ, ಮರೆಯನ್ನು ಇನ್ನೊಂದು ಅರ್ಧಕ್ಕೆ ಬದಲಿಸಿ ಅದೇ ನಟನ ಇನ್ನೊಂದು ಪಾತ್ರವನ್ನು ಅದೇ ಫಿಲ್ಮಿನ ಮೇಲೆ ಮೂಡಿಸುವುದು ಇದರ ಮೂಲ ವಿಧಾನ. ಲೆಕ್ಕ ತಪ್ಪಿದರೆ ಪ್ರಶ್ನೆಗೆ ಮೊದಲೇ ಉತ್ತರ ಬಂದುಬಿಡುತ್ತದೆ. ಕ್ಯಾಮೆರಾ ಅಲುಗಿದರೆ ಅರಮನೆ ಸೀಳುತ್ತದೆ. ಆದ್ದರಿಂದ ಜಾಣ ಛಾಯಾಗ್ರಾಹಕರು ಸೀಳುಗೆರೆಯನ್ನು ಕಂಬದ ಅಂಚಿನಲ್ಲೋ ಪರದೆಯ ಮಡಿಕೆಯಲ್ಲೋ ಅಡಗಿಸುತ್ತಿದ್ದರು. ಇಬ್ಬರ ನಡುವೆ ವಿನಾಕಾರಣ ಒಂದು ಕಂಬ ನಿಂತಿದೆಯೆಂದರೆ ಅದರ ಮೇಲೆ ನನಗೆ ಕೂಡಲೇ ಸಂಶಯ. ಹುಣಸೂರು ಕೃಷ್ಣಮೂರ್ತಿಯವರ 1977ರ ‘ಬಬ್ರುವಾಹನ’ದಲ್ಲಿ ತಂದೆ ಅರ್ಜುನನೂ ಮಗ ಬಬ್ರುವಾಹನನೂ ರಾಜ್‌ಕುಮಾರ್ ಅವರೇ ಆಗಿ ಮುಖಾಮುಖಿ ನಿಂತು ಮೂದಲಿಸಿಕೊಳ್ಳುವಾಗ, ಗೆರೆಯನ್ನು ಹುಡುಕಬೇಕೆಂದು ಕುಳಿತ ನಾನು ಪ್ರತಿ ಸಲವೂ ಮಾತಿನ ರಭಸಕ್ಕೆ ಸಿಕ್ಕಿ ಕೀಲಿ ಒತ್ತುವುದನ್ನೇ ಮರೆಯುತ್ತೇನೆ. ಇದನ್ನು ತಂತ್ರದ ಗೆಲುವೆನ್ನಬೇಕೋ ನಟನ ಗೆಲುವೆನ್ನಬೇಕೋ ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮತ ನಟನಿಗೆ.

ಇನ್ನು ಆ ಲ್ಯಾಪ್‌ಟಾಪಿನ ಮಾತು. ಥಿಂಕ್‌ಪ್ಯಾಡ್ ಮೊದಲು ಬಂದದ್ದು 1992ರಲ್ಲಿ, ಐಬಿಎಂ ಕಂಪನಿಯಿಂದ. ಕಂಪ್ಯೂಟರುಗಳೆಲ್ಲ ಬೂದು, ಕೆನೆಬಣ್ಣಗಳಲ್ಲಿ ಬರುತ್ತಿದ್ದ ಆ ಕಾಲದಲ್ಲಿ ಅದಕ್ಕೆ ಕರಿಯ, ಚೌಕಾಕಾರದ ರೂಪ ಕೊಟ್ಟ ವಿನ್ಯಾಸಕಾರ ರಿಚರ್ಡ್ ಸಾಪರ್. ಅವರಿಗೆ ಪ್ರೇರಣೆಯಾದದ್ದು ಜಪಾನಿನವರು ಊಟ ಕೊಂಡೊಯ್ಯುವ ಬೆಂಟೊ ಪೆಟ್ಟಿಗೆ. ಕೀಲಿಮಣೆಯ ನಡುವೆ, ಜಿ, ಎಚ್, ಬಿ ಕೀಲಿಗಳು ಕೂಡುವಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಬೆರಳಿನಿಂದ ಅದನ್ನು ಮೆಲ್ಲಗೆ ನೂಕಿದರೆ ತೆರೆಯ ಮೇಲಿನ ಬಾಣ ಓಡುತ್ತದೆ. ಟೈಪು ಮಾಡುವ ಕೈಯನ್ನು ಮೌಸಿಗಾಗಿ ಎತ್ತಬೇಕಾಗಿಲ್ಲ. ಆಯುಧಪೂಜೆಯ ದಿನ ಮೈಸೂರಿನಲ್ಲಿ ಸೈಕಲ್ಲಿನಿಂದ ಸಿಟಿ ಬಸ್ಸಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುವಾಗ, ಮನೆಯ ಹಿರಿಯರು ಈ ಯಂತ್ರದ ಮುಂದೆ ಬಂದು, ಕುಂಕುಮದ ಬೊಟ್ಟಿಟ್ಟುಕೊಂಡೇ ಹುಟ್ಟಿದೆಯಲ್ಲ, ಇದಕ್ಕೆ ಹೂವಿಟ್ಟರೆ ಸಾಕು ಎಂದು ಮುಂದೆ ಹೋಗುತ್ತಾರೆ. 2005ರಲ್ಲಿ ಐಬಿಎಂನ ಪಿಸಿ ವ್ಯವಹಾರ ಲೆನೊವೊ ಪಾಲಾಯಿತು. ಕೆಂಪು ಬೊಟ್ಟು ಮಾತ್ರ ಉಳಿಯಿತು.

ನಾನು ಇದನ್ನು ಕೊಂಡದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಯಾವುದೋ ಕಚೇರಿಯಲ್ಲಿ ದುಡಿದು ಬಂದ ಹಳೆಯ ಸರಕಾಗಿ. ಎಕ್ಸ್ ಸರಣಿಯಲ್ಲಿ ಏಳು ಸಾಲಿನ ಹಳೆಯ ಕೀಲಿಮಣೆಯಿರುವ ಕೊನೆಯ ಮಾದರಿ ಇದೇ ಎಂಬುದಕ್ಕಾಗಿಯೇ ಇದನ್ನು ಆರಿಸಿದೆ. ಇದರ ಮೇಲೆ ಕನ್ನಡ ಬರೆಯುವಾಗ ಪ್ರತಿ ಕೀಲಿಯೂ ತಳ ಮುಟ್ಟಿ ಮರಳುವುದು ಬೆರಳಿಗೆ ತಿಳಿಯುತ್ತದೆ. ತೆರೆಯ ಮೇಲಂಚಿನಲ್ಲಿ ಕೀಲಿಮಣೆಯ ಮೇಲೆ ಬೆಳಕು ಚೆಲ್ಲುವ ಒಂದು ಪುಟ್ಟ ದೀಪವಿದೆ. ಎರಡು ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಒಂದು ತಿರುಪು ಬಿಚ್ಚಿದರೆ ಹಾರ್ಡ್ ಡಿಸ್ಕ್ ಪಕ್ಕದಿಂದ ಜಾರಿ ಹೊರಬರುತ್ತದೆ. ಯಾವ ತಿರುಪು ಯಾವ ಭಾಗವನ್ನು ಹಿಡಿದಿದೆ, ಯಾವುದನ್ನು ಮೊದಲು ತೆಗೆಯಬೇಕು ಎಂಬುದನ್ನೆಲ್ಲ ಚಿತ್ರಸಮೇತ ವಿವರಿಸುವ ದುರಸ್ತಿ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದೆ. ಭಾನುವಾರದ ಬೆಳಗ್ಗೆ ಆ ಕೈಪಿಡಿಯನ್ನು ಓದುವುದರಲ್ಲಿ ನನಗೆ ಸಿಗುವ ಸುಖವನ್ನು ಪತ್ತೇದಾರಿ ಕಾದಂಬರಿಗಳೂ ಕೊಟ್ಟಿಲ್ಲ. ನನ್ನ ಗೆಳೆಯರ ತೆಳು ಯಂತ್ರಗಳಲ್ಲಿ ಮೆಮೊರಿ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಬ್ಯಾಟರಿಗೆ ಅಂಟು ಬಳಿದಿರುತ್ತಾರೆ. ಅವು ಚೆನ್ನಾಗಿ ಕೆಲಸ ಮಾಡುತ್ತವೆ, ನಿಜ, ವೇಗದಲ್ಲಿ ನನ್ನದು ಅವುಗಳ ಹತ್ತಿರಕ್ಕೂ ಸುಳಿಯಲಾರದು. ಆದರೆ ಕೆಟ್ಟಾಗ ಒಳಗೆ ಇಣುಕಿ ನೋಡಲು ಬಿಡದ ಯಂತ್ರದ ಜೊತೆ ನನಗೆ ಸಲಿಗೆ ಬೆಳೆಯುವುದಿಲ್ಲ.

ಗುಟ್ಟು ತಿಳಿದ ಮೇಲೆ ಮಾಯೆಯಲ್ಲಿ ಸ್ವಾರಸ್ಯವೇನು ಉಳಿಯುತ್ತದೆ ಎಂದು ಮನೆಯ ಹುಡುಗರು ಕೇಳುತ್ತಾರೆ. ಅವರು ನೋಡುವ ಇಂದಿನ ಚಿತ್ರಗಳಲ್ಲಿ ಸಮುದ್ರವೇ ಎದ್ದು ನಿಲ್ಲುತ್ತದೆ, ನಗರಗಳು ಮಡಚಿಕೊಳ್ಳುತ್ತವೆ. ಅವುಗಳ ಹಿಂದೆಯೂ ನೂರಾರು ಜನರ ರಾತ್ರಿಗಳಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಫ್ರೇಮಿನ ಮೇಲೆ ಫ್ರೇಮು ಸರಿಸಿದರೂ ಕಾಣುವುದು ಅದೇ ನುಣುಪು. ಯಾರ ಬೆರಳೂ ಜಾರಿರುವುದಿಲ್ಲ, ಯಾವ ನೆರಳೂ ಸರಿದಿರುವುದಿಲ್ಲ. ಕಂಪ್ಯೂಟರಿನ ಈ ಶಕ್ತಿಯನ್ನು ಹಳೆಯ ಚಿತ್ರಗಳ ಮೇಲೂ ಪ್ರಯೋಗಿಸಿದ್ದಾರೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ 2008ರಲ್ಲಿ ಮತ್ತೆ ತೆರೆಗೆ ತಂದರು. ಆ ಶ್ರಮಕ್ಕೆ ಗೌರವ ಕೊಟ್ಟೂ ಹೇಳುತ್ತೇನೆ, ಸ್ಮಶಾನದ ಹರಿಶ್ಚಂದ್ರನಿಗೆ ಕಪ್ಪು ಬಿಳುಪೇ ಮೇಲು. ಬಣ್ಣ ತುಂಬುವ ಕೆಲಸವನ್ನು ಚಿತೆಯ ಬೆಂಕಿಯೊಂದಕ್ಕೇ ನಿಲ್ಲಿಸಿದ್ದರೂ ನನ್ನ ತಕರಾರು ಇರುತ್ತಿರಲಿಲ್ಲ.

ನನ್ನ ನಿಜವಾದ ಜಗಳ ಇರುವುದು ಬಣ್ಣದವರ ಜೊತೆಯಲ್ಲಲ್ಲ, ಅಂತರಜಾಲಕ್ಕೆ ಈ ಚಿತ್ರಗಳನ್ನು ಏರಿಸುವವರ ಜೊತೆಯಲ್ಲಿ. ಸವೆದ ಪ್ರತಿಯಿಂದ ವಿಡಿಯೊ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಅಂತರಜಾಲಕ್ಕೆ ಇಳಿದು ಬರುವಷ್ಟರಲ್ಲಿ ರಾಜಸಭೆಯು ಅರ್ಧಕ್ಕರ್ಧ ಕರಗಿಹೋಗಿರುತ್ತದೆ. ನೆರಳು ಸರಿದಿದೆಯೋ ಇಲ್ಲವೋ ನೋಡೋಣವೆಂದರೆ ಅಲ್ಲಿ ಬೂದು ಬಣ್ಣದ ಚೌಕುಳಿಗಳಲ್ಲದೆ ಬೇರೇನೂ ಇರುವುದಿಲ್ಲ. ಅಗಲ ತೆರೆಗೆ ಹೊಂದಿಸುವ ಆತುರದಲ್ಲಿ ಕೆಲವರು ದೇವತೆಗಳ ಕಿರೀಟವನ್ನೂ ಪಾದವನ್ನೂ ಕತ್ತರಿಸಿಬಿಡುತ್ತಾರೆ. ಇದನ್ನೆಲ್ಲ ಸಹಿಸಿದರೂ ಸಹಿಸಬಹುದು. ಮೂಲೆಯಲ್ಲಿ ಮಿನುಗುತ್ತ ತಿರುಗುವ ಚಾನೆಲ್ಲಿನ ಲಾಂಛನವನ್ನು ಮಾತ್ರ ಸಹಿಸಲಾರೆ, ಏಕೆಂದರೆ ಕಣ್ಣು ಮಿಟುಕಿಸದೆ ನಿಲ್ಲುವ ಆ ಹಿಂದಿನ ಸಾಲಿನ ಭಟರು ಸಾಮಾನ್ಯವಾಗಿ ಇರುವುದು ಆ ಮೂಲೆಯಲ್ಲೇ.