ಹೆಜ್ಜೇನು ಎದ್ದರೆ ಮಲಗಬೇಡಿ, ಓಡಿ

‘ಕೋಟೆ ನೋಡಲು ಹೋದಾಗ ಹೆಜ್ಜೇನು ಎದ್ದರೆ ಬೋರಲು ಮಲಗಿ, ಹತ್ತಿರ ನೀರಿದ್ದರೆ ಮುಳುಗಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಎರಡೂ ತಪ್ಪು.

ಜೇನು ಚುಚ್ಚಿದಾಗ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಜೊತೆಗೆ ಬಾಳೆಹಣ್ಣಿನಂಥ ವಾಸನೆಯೊಂದು ಹೊಮ್ಮುತ್ತದೆ. ಉಳಿದ ನೊಣಗಳಿಗೆ ಅದು ‘ಶತ್ರು ಇಲ್ಲೇ ಇದ್ದಾನೆ’ ಎಂಬ ಕರೆ. ಮಲಗಿದವರು ಆ ಕರೆಯ ನಡುವೆಯೇ ಬಿದ್ದಿರುತ್ತಾರೆ. ನೀರಿಗೆ ಧುಮುಕಿದರೆ ನೊಣಗಳು ಮೇಲೆಯೇ ಸುತ್ತುತ್ತಾ ಕಾಯುತ್ತವೆ. ಈಜು ಬಾರದವರ ಪಾಡು ಕೇಳುವುದೇ ಬೇಡ. ದುಪಟ್ಟಾ, ಅಂಗಿ, ಏನಿದ್ದರೆ ಅದರಿಂದ ತಲೆ ಮುಖ ಮುಚ್ಚಿಕೊಂಡು, ಕೈ ಬೀಸದೆ, ಬಾಗಿಲು ಹಾಕಬಹುದಾದ ಕೋಣೆಗೋ ವಾಹನಕ್ಕೋ ಓಡಬೇಕು.

ಶ್ರೀಲಂಕಾದ ಸಿಗಿರಿಯ ಬಂಡೆಕೋಟೆಯಲ್ಲಿ, ದೊಡ್ಡ ಸಿಂಹಶಿಲ್ಪದ ಪಂಜಗಳ ಬಳಿ ಪ್ರವಾಸಿಗರಿಗಾಗಿ ಜಾಲರಿಯ ಕೋಣೆಯನ್ನೇ ಕಟ್ಟಿದ್ದಾರೆ. ಸದ್ದು ಮಾಡಬೇಡಿ ಎಂದು ಎಚ್ಚರಿಸುವ ಅಲ್ಲಿನ ಫಲಕಗಳು ಆ ನೊಣಗಳನ್ನು ಕಣಜದ ಹುಳುಗಳೆನ್ನುತ್ತವೆ. ನಿಜದಲ್ಲಿ ಅವು ನಮ್ಮ ಹೆಜ್ಜೇನುಗಳೇ. ಗೂಡಿನತ್ತ ಕಲ್ಲೆಸೆಯುವ ಶೂರರಿಗೆ ಮಾತ್ರ ಯಾವ ಫಲಕವೂ ನಾಟುವುದಿಲ್ಲ.

ಸುರಕ್ಷಿತ ಜಾಗ ಸೇರಿದ ಮೇಲೆ ಸುಣ್ಣ ಹುಡುಕುತ್ತಾ ಕೂರಬೇಡಿ. ಉಗುರಿನಿಂದ ಕೆರೆದು ಮುಳ್ಳುಗಳನ್ನು ಬೇಗ ತೆಗೆಯಿರಿ. ತಡವಾದಷ್ಟೂ ಹೆಚ್ಚು ವಿಷ ಮೈಯೊಳಗೆ ಸೇರುತ್ತದೆ. ತುಟಿ ಊದಿದರೆ, ಉಸಿರು ಕಟ್ಟಿದಂತಾದರೆ ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿ.